ಪರದೇಶದ ಹಬ್ಬ, ತೆರೆದ ಬಾಗಿಲು

ಮಕ್ಕಳನ್ನು ವಿದೇಶಕ್ಕೆ ಓದಲು ಕಳುಹಿಸುವುದು ಹುಬ್ಬಳ್ಳಿ-ಧಾರವಾಡದ ಅನೇಕ ಮನೆಗಳಲ್ಲಿ ಇಂದು ಸಾಮಾನ್ಯ ಸಂಗತಿಯಾಗಿದೆ. ಪ್ರವೇಶಪತ್ರ, ವೀಸಾ, ಬ್ಯಾಂಕಿನ ಸಾಲ, ಉಣ್ಣೆಯ ಕೋಟು ಇವೆಲ್ಲವುಗಳ ಚಿಂತೆಯನ್ನು ಹಿರಿಯರು ಮಾಡುತ್ತಾರೆ. ಆದರೆ ಆ ನಾಡಿನ ದೊಡ್ಡ ಹಬ್ಬ ಬಂದು, ಊರಿಗೆ ಊರೇ ತಂತಮ್ಮ ಮನೆ ಸೇರಿದಾಗ ನಮ್ಮ ಮಗು ಎಲ್ಲಿ ಉಣ್ಣಬೇಕು ಎಂಬ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ನಮಗೂ ಹೊಳೆದಿರಲಿಲ್ಲ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ, ೧೯೯೪ರ ಆಗಸ್ಟಿನಲ್ಲಿ ನಾವು ಉನ್ನತ ವ್ಯಾಸಂಗಕ್ಕೆಂದು ಅಮೆರಿಕೆಯ ಮಧ್ಯಭಾಗದ ಒಂದು ಊರನ್ನು ಸೇರಿದೆವು. ಸುತ್ತಲೂ ಗೋವಿನಜೋಳದ ಹೊಲಗಳು. ವಿಮಾನದ ಖರ್ಚಿಗಾಗಿ ತಂದೆಯವರು ಎರಡು ಎಕರೆ ಎರೆ ಹೊಲವನ್ನು ಮಾರಿದ್ದರು. ಆ ಮಾತನ್ನು ನಾವು ಅಲ್ಲಿ ಯಾರ ಮುಂದೆಯೂ ಆಡಿರಲಿಲ್ಲ.

ನವೆಂಬರಿನ ನಾಲ್ಕನೆಯ ಗುರುವಾರ ಅಮೆರಿಕನ್ನರಿಗೆ ರಾಷ್ಟ್ರೀಯ ರಜೆ; ಥ್ಯಾಂಕ್ಸ್‌ಗಿವಿಂಗ್, ಅಂದರೆ ಕೃತಜ್ಞತೆಯನ್ನು ಸಲ್ಲಿಸುವ ದಿನ. ೧೬೨೧ರಲ್ಲಿ ಪ್ಲಿಮತ್ ಎಂಬಲ್ಲಿ ಇಂಗ್ಲೆಂಡಿನಿಂದ ಬಂದು ನೆಲೆಸಿದವರು ತಮ್ಮ ಸುಗ್ಗಿಯ ಊಟವನ್ನು ಅಲ್ಲಿಯ ಮೂಲನಿವಾಸಿಗಳಾದ ವಾಂಪನೋಆಗ್ ಜನರೊಡನೆ ಹಂಚಿಕೊಂಡುದನ್ನು ಈ ಹಬ್ಬದ ಮೂಲವೆಂದು ಹೇಳುತ್ತಾರೆ. ೧೮೬೩ರಲ್ಲಿ, ಅಂತರ್ಯುದ್ಧದ ನಡುವೆ, ಅಧ್ಯಕ್ಷ ಲಿಂಕನ್ನರು ಇದನ್ನು ರಾಷ್ಟ್ರದ ಹಬ್ಬವೆಂದು ಸಾರಿದರು. ೧೯೪೧ರಲ್ಲಿ ಕಾನೂನಿನಿಂದ ನಾಲ್ಕನೆಯ ಗುರುವಾರ ನಿಗದಿಯಾಯಿತು. ನೆಲವನ್ನು ಕಳೆದುಕೊಂಡ ಮೂಲನಿವಾಸಿಗಳಲ್ಲಿ ಹಲವರಿಗೆ ಮಾತ್ರ ಅದು ಶೋಕದ ದಿನ. ೧೯೭೦ರಿಂದ ಅವರು ಪ್ಲಿಮತ್ತಿನಲ್ಲಿಯೇ ಸೇರಿ ಅದನ್ನು ನೆನೆಯುತ್ತ ಬಂದಿದ್ದಾರೆ.

ಆ ವರ್ಷ ಹಬ್ಬವು ನವೆಂಬರ್ ೨೪ರಂದು ಬಂದಿತು. ಬುಧವಾರ ಸಂಜೆ ವಸತಿಗೃಹದ ಭೋಜನಶಾಲೆಗೆ ಬೀಗ ಬಿದ್ದಿತು. ಮತ್ತೆ ತೆರೆಯುವುದು ಭಾನುವಾರ. ಕೋಣೆಯ ಸಂಗಡಿಗನು ಊರಿಗೆ ಹೋದನು. ಗುರುವಾರ ಬೆಳಿಗ್ಗೆ ಬಸ್ಸಿಲ್ಲ, ತೆರೆದ ಅಂಗಡಿಯಿಲ್ಲ, ದಾರಿಯಲ್ಲಿ ನರಪಿಳ್ಳೆಯಿಲ್ಲ. ನಮ್ಮಲ್ಲಿ ಉಳಿದದ್ದು ಅರ್ಧ ಪೊಟ್ಟಣ ಬ್ರೆಡ್ಡು, ತಾಯಿಯವರು ಕಟ್ಟಿಕೊಟ್ಟ ಅವಲಕ್ಕಿಯ ಕೊನೆಯ ಹಿಡಿ.

ಕರೆಯದೆ ಇದ್ದವರಿರಲಿಲ್ಲ. ಪ್ರಯೋಗಾಲಯದಲ್ಲಿ ಬೀಜಗಳ ಲೆಕ್ಕವಿಡುತ್ತಿದ್ದ ಹಿರಿಯ ತಾಯಿಯೊಬ್ಬರು ಮಂಗಳವಾರವೇ, “ಹಬ್ಬಕ್ಕೆ ಎಲ್ಲಿಗೆ ಹೋಗುವಿರಿ?” ಎಂದು ಕೇಳಿದ್ದರು. “ಸ್ನೇಹಿತರ ಮನೆಗೆ” ಎಂದು ನಾವು ಸುಳ್ಳು ಹೇಳಿದ್ದೆವು. ಹಬ್ಬದ ಊಟದ ನಟ್ಟನಡುವೆ ಟರ್ಕಿ ಕೋಳಿಯಿರುತ್ತದೆಂದು ಕೇಳಿದ್ದೆವು. ಆ ಸಂಕೋಚ ಒಂದು ಕಡೆ. ಪರರ ಮನೆಯ ಅನ್ನಕ್ಕೆ ಕೈಯೊಡ್ಡಲಾರೆವೆಂಬ ಅಭಿಮಾನ ಇನ್ನೊಂದು ಕಡೆ.

ಹನ್ನೊಂದು ಗಂಟೆಗೆ ವಸತಿಗೃಹದ ದೂರವಾಣಿ ಬಾರಿಸಿತು. ಎತ್ತಿಕೊಂಡವರು ನಾವೇ, ಸುಳ್ಳು ಬಯಲಾಯಿತು. ಆ ತಾಯಿ ಒಂದು ಮಾತನ್ನೂ ಆಕ್ಷೇಪಿಸಲಿಲ್ಲ. “ಒಂದು ಕುರ್ಚಿ ಖಾಲಿಯಿದೆ, ಯಜಮಾನರು ಗಾಡಿ ತರುತ್ತಾರೆ” ಎಂದಷ್ಟೇ ಹೇಳಿದರು.

ಅವರದು ಒಕ್ಕಲುತನದ ಮನೆ. ನಾವು ಏನನ್ನು ಉಣ್ಣುವುದಿಲ್ಲವೆಂಬುದನ್ನು ಅವರು ಮೊದಲು ಕೇಳಿ ತಿಳಿದುಕೊಂಡರು. ಇದರಲ್ಲಿ ಮಾಂಸದ ಸಾರಿದೆ, ಆ ಕುಂಬಳದ ಸಿಹಿಯಲ್ಲಿ ಮೊಟ್ಟೆಯಿದೆ ಎಂದು ಒಂದೊಂದನ್ನೂ ತೋರಿಸಿ, ಬೆಣ್ಣೆ ಹಾಕಿದ ಆಲೂಗಡ್ಡೆ, ಹುರುಳಿಕಾಯಿ, ಗೋವಿನಜೋಳ, ಹುಳಿಹಣ್ಣಿನ ಚಟ್ನಿಗಳನ್ನು ಬೇರೆಯಾಗಿಯೇ ಬಡಿಸಿದರು. ಊಟಕ್ಕೆ ಮುನ್ನ ಮನೆಯವರೆಲ್ಲ ತಲೆಬಾಗಿ ಪ್ರಾರ್ಥಿಸಿದರು. ನಾವು ಕೊರಳ ಕರಡಿಗೆಯನ್ನು ಮುಟ್ಟಿಕೊಂಡೆವು.

ಅನಂತರ ಒಬ್ಬೊಬ್ಬರೂ ತಾವು ಯಾರಿಗೆ ಕೃತಜ್ಞರೆಂಬುದನ್ನು ಹೇಳಬೇಕು. ಅದು ಆ ಮನೆಯ ಪದ್ಧತಿ. ನಮ್ಮ ಸರದಿ ಬಂದಾಗ ಹಿಂದಿನ ವರ್ಷದ ಸೀಗೆ ಹುಣ್ಣಿಮೆ ಕಣ್ಣಮುಂದೆ ನಿಂತಿತು. ಅದೇ ಎರಡು ಎಕರೆಯಲ್ಲಿ ತಂದೆಯವರು ಚರಗ ಚೆಲ್ಲಿದ್ದರು. ದಾರಿಹೋಕರನ್ನೂ ಕರೆದು ಬನ್ನಿಗಿಡದ ಕೆಳಗೆ ರೊಟ್ಟಿ, ಪುಂಡಿಪಲ್ಯ, ಕಡಬು ಬಡಿಸಿದ್ದರು. “ನಮಗಾಗಿ ಹೊಲ ಮಾರಿದ ತಂದೆಗೆ” ಎಂದೆವು. ಮುಂದೆ ಮಾತು ಹೊರಡಲಿಲ್ಲ. ಯಜಮಾನರು ಎದ್ದು ಬಂದು ನಮ್ಮ ಹೆಗಲ ಮೇಲೆ ಕೈಯಿಟ್ಟರು. ೧೯೮೦ರ ದಶಕದಲ್ಲಿ ಆ ಸೀಮೆಯ ಅನೇಕ ರೈತರು ಸಾಲದಿಂದ ಭೂಮಿ ಕಳೆದುಕೊಂಡಿದ್ದರು. ಅವರ ತಮ್ಮನ ಹೊಲವೂ ಹರಾಜಾಗಿತ್ತು. ಹೊಲ ಹೋಗುವುದೆಂದರೇನೆಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಂದಿನ ರಾತ್ರಿಯೇ ಮನೆಗೆ ಪತ್ರ ಬರೆದೆವು. ಉತ್ತರದಲ್ಲಿ ತಾಯಿಯವರು ಒಂದೇ ಪ್ರಶ್ನೆ ಕೇಳಿದ್ದರು: “ನಮ್ಮೂರಿಗೆ ಓದಲು ಬಂದ ಹೊರಗಿನ ಮಕ್ಕಳನ್ನು ನಾವು ಯಾವಾಗಲಾದರೂ ಕರೆದಿದ್ದೇವೆಯೇ?” ಆ ವರ್ಷದ ಎಳ್ಳಮಾವಾಸ್ಯೆಗೆ, ಉಳಿದ ಹೊಲದ ಚರಗಕ್ಕೆ, ತಂದೆಯವರು ಈಶಾನ್ಯ ಭಾರತದಿಂದ ಬಂದಿದ್ದ ಇಬ್ಬರು ವಿದ್ಯಾರ್ಥಿಗಳನ್ನು ಕರೆದೊಯ್ದರು. ತಂದೆಯವರು ಲಿಂಗೈಕ್ಯರಾದ ಮೇಲೂ ಆ ಪದ್ಧತಿಯನ್ನು ನಾವು ಬಿಟ್ಟಿಲ್ಲ.

ಅನ್ನವಿಕ್ಕಿ ವಿದ್ಯೆ ಕೊಡುವುದು ನಮಗೆ ಹೊಸತಲ್ಲ. ಧಾರವಾಡದ ಮುರುಘಾಮಠದಲ್ಲಿ ಪೂಜ್ಯ ಮೃತ್ಯುಂಜಯ ಅಪ್ಪಗಳವರು ನಡೆಸಿದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದವರ ಸಂತತಿ ನಾವು. ಇಂದು ಈ ಅವಳಿ ನಗರದಲ್ಲಿ ವಿಶ್ವವಿದ್ಯಾಲಯಗಳಿವೆ, ೨೦೧೬ರಿಂದ ಐಐಟಿಯೂ ಇದೆ. ದಸರೆ, ದೀಪಾವಳಿಗಳಲ್ಲಿ ಗೆಳೆಯರೆಲ್ಲ ಊರಿಗೆ ಹೊರಟಾಗ, ದೂರದ ಮಕ್ಕಳು ಕೋಣೆಯಲ್ಲಿಯೇ ಉಳಿಯುತ್ತಾರೆ. ಕೇಳಿದರೆ “ಸ್ನೇಹಿತರ ಮನೆಗೆ ಹೋಗುತ್ತೇವೆ” ಎನ್ನುತ್ತಾರೆ. ಆ ಮಾತನ್ನು ಒಮ್ಮೆಗೇ ನಂಬಬೇಡಿರಿ, ಇನ್ನೊಮ್ಮೆ ಕೇಳಿರಿ.

ವಿದೇಶದಲ್ಲಿರುವ ನಿಮ್ಮ ಮಕ್ಕಳಿಗೂ ಒಂದು ಮಾತು ಬರೆಯಿರಿ: ಯಾರಾದರೂ ಊಟಕ್ಕೆ ಕರೆದರೆ, ತಮ್ಮ ಆಹಾರದ ನಿಯಮವನ್ನು ವಿನಯದಿಂದ ತಿಳಿಸಿ, ಹೋಗಿಬರಲಿ. ನಿಯಮವನ್ನು ಬಿಡಬೇಕಾಗಿಲ್ಲ, ಸುಳ್ಳು ಹೇಳಿ ಹಸಿದು ಕೂಡಬೇಕಾಗಿಯೂ ಇಲ್ಲ.