ಬಲಾಬಲದ ಲೆಕ್ಕ ಸದನದಲ್ಲೇ: ಎಸ್. ಆರ್. ಬೊಮ್ಮಾಯಿ

ವಕೀಲಿ ವೃತ್ತಿಯಿಂದ ರಾಜಕಾರಣಕ್ಕೆ ಬಂದವರು ನಮ್ಮ ನಾಡಿನಲ್ಲಿ ವಿರಳರಲ್ಲ. ಆದರೆ ತಾವು ಅಧಿಕಾರ ಕಳೆದುಕೊಂಡ ರೀತಿಯನ್ನೇ ನ್ಯಾಯಾಲಯದಲ್ಲಿ ಪ್ರಶ್ನಿಸಿ, ತನ್ಮೂಲಕ ಇಡೀ ದೇಶಕ್ಕೆ ಒಂದು ಶಾಶ್ವತ ನಿಯಮವನ್ನು ದೊರಕಿಸಿಕೊಟ್ಟ ಕೀರ್ತಿ ಶ್ರೀ ಎಸ್. ಆರ್. ಬೊಮ್ಮಾಯಿಯವರದು.

ಇಂದಿನ ಹಾವೇರಿ ಜಿಲ್ಲೆಯ ಕಾರಡಗಿಯಲ್ಲಿ 1924ರಲ್ಲಿ ಜನಿಸಿದ ಅವರು ಹುಬ್ಬಳ್ಳಿಯಲ್ಲಿ ವಕೀಲರಾಗಿ ನೆಲೆನಿಂತರು. ಕರ್ನಾಟಕ ಏಕೀಕರಣ ಚಳವಳಿಯಲ್ಲಿ ದುಡಿದು, ಮುಂದೆ ಶಾಸಕರಾಗಿ ಹುಬ್ಬಳ್ಳಿ ಗ್ರಾಮಾಂತರ ಕ್ಷೇತ್ರವನ್ನು ಪ್ರತಿನಿಧಿಸಿದರು. ಶ್ರೀ ರಾಮಕೃಷ್ಣ ಹೆಗಡೆಯವರ ರಾಜೀನಾಮೆಯ ತರುವಾಯ 1988ರ ಆಗಸ್ಟ್ 13ರಂದು ಮುಖ್ಯಮಂತ್ರಿಗಳಾದರು.

ಎಂಟು ತಿಂಗಳಲ್ಲಿ ಆ ಸರ್ಕಾರಕ್ಕೆ ಸಂಕಟ ಒದಗಿತು. 1989ರ ಏಪ್ರಿಲ್‌ನಲ್ಲಿ, ಸಂಪುಟ ವಿಸ್ತರಣೆಯಾದ ಕೆಲವೇ ದಿನಗಳಲ್ಲಿ, 19 ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆಂಬ ಪತ್ರಗಳು ರಾಜ್ಯಪಾಲರ ಕೈಸೇರಿದವು. ಅವರಲ್ಲಿ 7 ಮಂದಿ ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ನೀಡಿ ಪಡೆಯಲಾಗಿದೆಯೆಂದು ಬರೆದುಕೊಟ್ಟರು. ಅಧಿವೇಶನವನ್ನು ಬೇಗನೆ ಕರೆದು ಬಹುಮತ ಸಾಬೀತುಪಡಿಸಲು ಸಿದ್ಧವೆಂದು ಬೊಮ್ಮಾಯಿಯವರು ತಿಳಿಸಿದರು. ಆದರೂ ಏಪ್ರಿಲ್ 21ರಂದು ಸರ್ಕಾರ ವಜಾಗೊಂಡು ರಾಷ್ಟ್ರಪತಿ ಆಳ್ವಿಕೆ ಜಾರಿಗೆ ಬಂದಿತು.

ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಅವರ ಅರ್ಜಿ ವಜಾ ಆಯಿತು. ಆದರೆ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 1994ರ ಮಾರ್ಚ್ 11ರಂದು ತೀರ್ಪಿತ್ತು, ಆ ವಜಾ ಸಂವಿಧಾನಬಾಹಿರವೆಂದು ಸಾರಿತು. ಸರ್ಕಾರದ ಬಹುಮತವನ್ನು ಅಳೆಯಬೇಕಾದುದು ಸದನದಲ್ಲಿಯೇ ಹೊರತು ರಾಜ್ಯಪಾಲರ ಸ್ವಂತ ಅಭಿಪ್ರಾಯದಿಂದಲ್ಲ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ನ್ಯಾಯಾಂಗದ ಪರಿಶೀಲನೆಗೆ ಒಳಪಟ್ಟುದು. ಸಂಸತ್ತಿನ ಉಭಯ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಅಷ್ಟರಲ್ಲಿ ರಾಜ್ಯದಲ್ಲಿ ಚುನಾವಣೆ ನಡೆದುಹೋಗಿದ್ದರಿಂದ ಬೊಮ್ಮಾಯಿಯವರಿಗೆ ಪದವಿ ಮರಳಲಿಲ್ಲ. 1996ರಿಂದ 1998ರವರೆಗೆ ಅವರು ಕೇಂದ್ರದಲ್ಲಿ ಮಾನವ ಸಂಪನ್ಮೂಲ ಸಚಿವರಾಗಿದ್ದು, 2007ರಲ್ಲಿ ನಿಧನರಾದರು.

ಅವರಿಗೆ ದೊರೆಯದ ಪರಿಹಾರ ಇತರರಿಗೆ ದೊರೆಯಿತು. 2016ರಲ್ಲಿ ಅರುಣಾಚಲ ಪ್ರದೇಶದ ಪದಚ್ಯುತ ಸರ್ಕಾರವನ್ನು ಸರ್ವೋಚ್ಚ ನ್ಯಾಯಾಲಯವೇ ಪುನಃ ಸ್ಥಾಪಿಸಿತು. 2018ರ ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿಯೂ ವಿಶ್ವಾಸಮತವನ್ನು ವಿಳಂಬವಿಲ್ಲದೆ ಸದನದಲ್ಲಿ ಸಾಬೀತುಪಡಿಸಬೇಕೆಂದು ಅದು ಆದೇಶಿಸಿತು.

ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಈ ವಿಷಯ ದೂರದ್ದಲ್ಲ. ತೆರಿಗೆ, ವಿದ್ಯುತ್ ದರ, ಕೈಗಾರಿಕಾ ನೀತಿ ಇವೆಲ್ಲವೂ ಚುನಾಯಿತ ಸರ್ಕಾರದ ಸ್ಥಿರತೆಯನ್ನು ಅವಲಂಬಿಸಿವೆ. ಸರ್ಕಾರ ಬೀಳಬಾರದೆಂದು ಆ ತೀರ್ಪು ಹೇಳುವುದಿಲ್ಲ. ಬೀಳುವುದಾದರೆ ಎಲ್ಲರ ಕಣ್ಣೆದುರಿಗೆ, ಎಣಿಕೆಯ ಮೇಲೆ ಬೀಳಲಿ ಎನ್ನುತ್ತದೆ. ಲೆಕ್ಕ ಪುಸ್ತಕದಲ್ಲಿ ತಾಳೆಯಾಗದ ಬಾಕಿಯನ್ನು ಬರಿಯ ಚೀಟಿಯ ಆಧಾರದಿಂದ ಒಪ್ಪದ ವ್ಯಾಪಾರಿಗೆ ಈ ನಿಯಮದ ಬೆಲೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.