ಬೊಂಬೆಗಳ ಮುಂದೆ ಕುಳಿತ ಕಥೆಗಾರ

ನವರಾತ್ರಿಯ ದಿನಗಳಲ್ಲಿ ಹಳೆಯ ಮೈಸೂರು ಸೀಮೆಯ ಮನೆಗಳೊಳಗೆ ಮೆಟ್ಟಿಲುಮೆಟ್ಟಿಲಾಗಿ ಬೊಂಬೆಗಳನ್ನು ಜೋಡಿಸಿ, ಪಟ್ಟದ ರಾಜರಾಣಿಯರನ್ನು ಮೇಲೆ ನಿಲ್ಲಿಸಿ, ಸಂಜೆ ಬಂದ ಮಕ್ಕಳ ಕೈಗೆ ಬೊಂಬೆ ಬಾಗಿನವೆಂದು ತಿಂಡಿಯನ್ನಿಡುವ ಸಂಪ್ರದಾಯವನ್ನು ನೀವು ಕಂಡಿರಬಹುದು. ಆದರೆ ಆ ಮೆಟ್ಟಿಲುಗಳ ಬುಡದಲ್ಲಿ, ಆಲೆಮರವನ್ನು ಕಡೆದು ಅರಗಿನ ಬಣ್ಣವೇರಿಸಿದ ಚನ್ನಪಟ್ಟಣದ ಕುದುರೆಯೊಂದನ್ನು ಹಿಡಿದು ನಾಲ್ಕು ವರ್ಷದ ಮಗು ತನ್ನಷ್ಟಕ್ಕೆ ತಾನೇ ಏನನ್ನೋ ನುಡಿಯುತ್ತಿರುವಾಗ, ಅಲ್ಲಿ ಸಾಹಿತ್ಯದ ಪ್ರಥಮ ಅಂಕುರವೇ ತಲೆಯೆತ್ತುತ್ತಿರುವುದನ್ನು ನಾವು ಗಮನಿಸುವುದು ವಿರಳ.

ರಾಜನಿಗೆ ಜ್ವರ ಬಂದಿತೆಂದೂ ಕುದುರೆ ಔಷಧಕ್ಕಾಗಿ ಓಡಿತೆಂದೂ ಮಗು ಹೇಳಿದರೆ, ಕುದುರೆ ಔಷಧ ತರುವುದುಂಟೇ ಎಂದು ತಿದ್ದತಕ್ಕದ್ದಲ್ಲ, ‘ಆಮೇಲೆ?’ ಎಂದು ಕೇಳಿ ಸುಮ್ಮನಿರುವುದೇ ಲೇಸು.

ಅಮೆರಿಕದ ಶಿಕಾಗೋ ನಗರದ ಶಿಶುತರಗತಿಯಲ್ಲಿ ಬಹುಕಾಲ ಶಿಕ್ಷಕಿಯಾಗಿದ್ದ ವಿವಿಯನ್ ಗಸಿನ್ ಪೇಲಿಯವರು, ಮಕ್ಕಳು ಹೇಳಿದ ಕಥೆಯನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು, ಜತೆಯ ಮಕ್ಕಳಿಂದಲೇ ಅದನ್ನು ಅಭಿನಯ ಮಾಡಿಸುತ್ತಿದ್ದರು. ತನ್ನ ಮಾತು ಬರಹವಾಗಿ, ಬರಹವು ಆಟವಾಗಿ ಕಣ್ಣೆದುರು ನಡೆಯುವುದನ್ನು ಕಂಡ ಮಗುವಿಗೆ, ಕೇಳುವವರಿದ್ದಾರೆಂಬ ಭರವಸೆಯುಂಟಾಗಿ, ಮತ್ತೊಂದು ಕಥೆಯನ್ನು ಹೇಳುವ ಉತ್ಸಾಹವು ತಾನಾಗಿಯೇ ಹುಟ್ಟುವುದು.

ಬೆಲೆಬಾಳುವ ಸಾಮಗ್ರಿಯೇನೂ ಬೇಕಿಲ್ಲ. ಅಜ್ಜಿಯ ಹಳೆಯ ಸೀರೆ ನದಿಯಾದೀತು, ಮಣೆ ದೋಣಿಯಾದೀತು, ಇದ್ದಲಿನ ಚೂರು ಅಂಗಳದ ಮೇಲೆ ಕಾಡನ್ನೇ ಬರೆದೀತು. ಮಗುವಿನ ಚಿತ್ರವನ್ನು ಹಿಡಿದು ‘ಇದೇನು?’ ಎಂದು ಪರೀಕ್ಷಿಸುವುದಕ್ಕಿಂತ ‘ಇದರ ಕಥೆ ಹೇಳು, ಪುಟ್ಟಾ’ ಎನ್ನುವುದು ಎಷ್ಟೋ ಮೇಲು.

ತಾಯ್ತಂದೆಯರೇ, ಇಂದು ಸಂಜೆ ಹತ್ತು ನಿಮಿಷ ಫೋನನ್ನು ಬದಿಗಿರಿಸಿ, ಕಾಗದವನ್ನೂ ಸೀಸದಕಡ್ಡಿಯನ್ನೂ ಹಿಡಿದು ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಳ್ಳಿರಿ. ಅದು ಹೇಳಿದುದನ್ನು ಹೇಳಿದಂತೆಯೇ ಬರೆದುಕೊಳ್ಳಿರಿ.