ಗುಜರಿ ದಾರಿಯಿಂದ ಮರಳಿದ ಬಸ್ಸುಗಳು

2020ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಎಲ್ಲಿಗೂ ಟಿಕೆಟ್ ಹರಿಯದ ಬಸ್ಸೊಂದು ಸೇವೆಗೆ ನಿಂತಿತು. ಊರೂರು ಸುತ್ತಿ ಸವೆದು ಗುಜರಿಗೆ ಹೋಗಬೇಕಿದ್ದ ಕೆಎಸ್‌ಆರ್‌ಟಿಸಿ ಬಸ್ಸು ಅದು. ಸೀಟುಗಳನ್ನೆಲ್ಲ ಕಿತ್ತು, ಅದನ್ನು ಮಹಿಳೆಯರ ಶೌಚಾಲಯವನ್ನಾಗಿ ಮಾಡಿದ್ದರು. ಭಾರತೀಯ ಮತ್ತು ಪಾಶ್ಚಾತ್ಯ ಶೈಲಿಯ ಕಮೋಡುಗಳು, ಕೈತೊಳೆಯುವ ಬೇಸಿನ್, ಮಗುವಿಗೆ ಹಾಲುಣಿಸಲು ಮರೆಯ ಜಾಗ, ಸ್ಯಾನಿಟರಿ ನ್ಯಾಪ್‌ಕಿನ್ ಯಂತ್ರ, ಬಳಸಿದ್ದನ್ನು ಸುಡುವ ವ್ಯವಸ್ಥೆ, ಸೌರದೀಪ ಎಲ್ಲವೂ ಒಳಗಿದ್ದವು. ವಿಮಾನ ನಿಲ್ದಾಣ ಸಂಸ್ಥೆಯ ನೆರವಿನಿಂದ ಸುಮಾರು 12 ಲಕ್ಷ ರೂಪಾಯಿ ವೆಚ್ಚದಲ್ಲಿ ಸಿದ್ಧವಾದ ಈ ‘ಸ್ತ್ರೀ ಶೌಚಾಲಯ’, ಹಳೆ ಬಸ್ಸಿನಿಂದ ಏನೇನಾಗಬಹುದು ಎಂಬುದಕ್ಕೆ ನಮ್ಮ ನಾಡಿನ ಒಳ್ಳೆಯ ಉದಾಹರಣೆ.

ಬಸ್ಸಿಗೆ ಬೇರೆ ವೇಷ ತೊಡಿಸುವುದು ಹೊಸ ವಿದ್ಯೆಯೇನಲ್ಲ. 1939ರಲ್ಲಿ ಯುದ್ಧ ಶುರುವಾದಾಗ ಲಂಡನ್ನಿನ ಗ್ರೀನ್ ಲೈನ್ ಬಸ್ಸುಗಳು ಆಂಬುಲೆನ್ಸ್‌ಗಳಾದವು. ಮುಂದೆ ಅಮೆರಿಕದ ರೆಡ್ ಕ್ರಾಸ್ ಅಂಥವೇ ಬಸ್ಸುಗಳಲ್ಲಿ ಅಡುಗೆಮನೆ ಕಟ್ಟಿ, ಸೈನಿಕರ ಶಿಬಿರಗಳಿಗೆ ಕಾಫಿ, ಡೋನಟ್ ಒಯ್ದಿತು. ನಮ್ಮಲ್ಲೂ ಕೋವಿಡ್ ಬಂದಾಗಲೇ ಕಾರ್ಯಾಗಾರಗಳು ಚುರುಕಾದವು. 2020ರಲ್ಲಿ ಸಾರಿಗೆ ನಿಗಮದ ಹಳೆ ಬಸ್ಸುಗಳು ಸಂಚಾರಿ ಜ್ವರ ಚಿಕಿತ್ಸಾಲಯಗಳಾದವು. 2021ರ ಎರಡನೇ ಅಲೆಯಲ್ಲಿ ‘ಸಾರಿಗೆ ಸಂಜೀವಿನಿ’ ಹೆಸರಿನಲ್ಲಿ ಆಮ್ಲಜನಕ ಸಹಿತ ಹಾಸಿಗೆಗಳ ಬಸ್ಸು ಬಂತು. ಆಪತ್ತು ಬಂದಾಗ ವಾರಗಳಲ್ಲಿ ಆಗುವ ಕೆಲಸ, ಆಪತ್ತು ಕಳೆದ ಮೇಲೆ ಯಾಕೆ ನಿಂತುಹೋಗಬೇಕು? ಹೆಣ್ಣುಮಕ್ಕಳಿಗೆ ಶೌಚಾಲಯ ಪ್ರತಿದಿನವೂ ಬೇಕು.

ಪರಿವರ್ತನೆಯ ಕೆಲಸ ನೋಡುವಷ್ಟು ಸುಲಭವಲ್ಲ. ಐವತ್ತು ಜನ ತುಂಬಿದ ಬಸ್ಸು ಮೂರು ಟನ್ ಮೀರಿದ ಭಾರ ಹೊರುತ್ತದೆ. 1000 ಲೀಟರ್ ನೀರು ಒಂದೇ ಟನ್. ಆದ್ದರಿಂದ ಚಾಸಿಗೆ ಭಾರದ ಚಿಂತೆಯಿಲ್ಲ. ಆದರೆ ಜನ ಉದ್ದಕ್ಕೂ ಹಂಚಿಕೊಂಡು ಕೂರುತ್ತಾರೆ, ನೀರಿನ ಭಾರ ಒಂದೇ ಕಡೆ ಕೂರುತ್ತದೆ. ಅರ್ಧ ತುಂಬಿದ ಟ್ಯಾಂಕಿನ ನೀರು ತಿರುವಿನಲ್ಲಿ ಒಂದು ಬದಿಗೆ ನುಗ್ಗಿ ಬಸ್ಸನ್ನೇ ಎಳೆಯುತ್ತದೆ. ಅದಕ್ಕೇ ಟ್ಯಾಂಕಿನೊಳಗೆ ತೂತು ಕೊರೆದ ಅಡ್ಡತಗಡುಗಳನ್ನು ಬೆಸುಗೆ ಹಾಕಬೇಕು. ಕೊಳಚೆ ಟ್ಯಾಂಕು ನೆಲದಡಿಯಲ್ಲಿರಬೇಕು, ಹೀರು ವಾಹನದ ಪೈಪು ಸಲೀಸಾಗಿ ತಲುಪಬೇಕು. ನೆಲಹಾಸಿನ ಅಂಚಿನಲ್ಲಿ ನೀರು ಇಳಿದರೆ ಕೆಲವೇ ತಿಂಗಳಲ್ಲಿ ಪ್ಲೈವುಡ್ ಕೊಳೆಯುತ್ತದೆ, ತಗಡು ತುಕ್ಕು ಹಿಡಿಯುತ್ತದೆ. ಎಲ್ಲಕ್ಕಿಂತ ಮೊದಲು ಫುಟ್‌ಬೋರ್ಡ್ ನೋಡಬೇಕು. ಮಂಡಿನೋವಿನ ಅಜ್ಜಿ, ತುಂಬು ಬಸುರಿ ಆ ಎತ್ತರದ ಮೆಟ್ಟಿಲು ಹತ್ತಲಾಗದಿದ್ದರೆ ಒಳಗಿನ ಸೌಕರ್ಯ ಅವರ ಪಾಲಿಗೆ ಇಲ್ಲದಂತೆಯೇ. ಕೆಳಗೆ ಇನ್ನೊಂದು ಮೆಟ್ಟಿಲು, ಎರಡೂ ಬದಿಗೆ ಹಿಡಿಕೆ ಸೇರಿಸಲು ದೊಡ್ಡ ಖರ್ಚೇನಿಲ್ಲ.

ಇನ್ನು ನಡೆಸುವ ಪ್ರಶ್ನೆ. ಪುಣೆಯಲ್ಲಿ ಉಲ್ಕಾ ಸಾದಲ್ಕರ್ ಮತ್ತು ರಾಜೀವ್ ಖೇರ್ 2016ರಲ್ಲಿ ಹಳೆ ಬಸ್ಸುಗಳಿಂದ ‘ತೀ’ ಶೌಚಾಲಯ ಆರಂಭಿಸಿದರು. ಮರಾಠಿಯಲ್ಲಿ ‘ತೀ’ ಎಂದರೆ ‘ಅವಳು’. ಬಳಕೆಗೆ 5 ರೂಪಾಯಿ. ನೋಡಿಕೊಳ್ಳಲು ಒಬ್ಬ ಮಹಿಳೆ ಅಲ್ಲಿಯೇ ಇರುತ್ತಿದ್ದರು. ಆ ಒಬ್ಬ ಕೆಲಸಗಾರ್ತಿಯೇ ಇಡೀ ಯೋಜನೆಯ ಜೀವಾಳ ಎಂಬುದು ನನ್ನ ನಂಬಿಕೆ. ನೆಲ ಒಣಗಿದೆಯೇ, ಚಿಲಕ ಬೀಳುತ್ತಿದೆಯೇ ಎಂದು ನೋಡುವವರಿಲ್ಲದ ಶೌಚಾಲಯಕ್ಕೆ ಹೆಂಗಸರು ಎರಡನೇ ಸಲ ಕಾಲಿಡುವುದಿಲ್ಲ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ‘ಲಾವಾ ಮೇ’ ಕಲಿಸಿದ ಪಾಠ ಬೇರೆ. ಡೊನೀಸ್ ಸ್ಯಾಂಡೊವಾಲ್ 2014ರಲ್ಲಿ ನಗರ ಸಾರಿಗೆಯಿಂದ ನಿವೃತ್ತವಾದ ಬಸ್ಸುಗಳಲ್ಲಿ ಮನೆಯಿಲ್ಲದವರಿಗಾಗಿ ಸ್ನಾನದ ಮನೆ ಕಟ್ಟಿಸಿದರು. ಬೆಂಕಿ ನಂದಿಸಲು ಬೀದಿಯಲ್ಲಿಟ್ಟ ನಲ್ಲಿಗಳಿಂದಲೇ ನೀರು. ಆದರೆ ಹಳೆ ಎಂಜಿನ್‌ಗಳ ರಿಪೇರಿ ಹೊರೆಯಾಗಿ, ಮುಂದೆ ಅವರು ಎಳೆದೊಯ್ಯುವ ಟ್ರೇಲರ್‌ಗಳತ್ತ ಹೊರಳಿದರು.

ನಮಗೂ ಈ ಎಚ್ಚರ ಬೇಕು. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣವಾಗುತ್ತಿಲ್ಲ. ತೀರಾ ಮುದಿಯಾದ ಬಸ್ಸಿಗೆ ಲಕ್ಷಗಟ್ಟಲೆ ಸುರಿದರೆ ಅದು ನಿಂತಲ್ಲೇ ಉಳಿಯುತ್ತದೆ. ಊರಿಂದೂರಿಗೆ ಹೋಗಬೇಕಾದ ಸೇವೆಗೆ ಇನ್ನೂ ಕೆಲವು ವರ್ಷ ಓಡಬಲ್ಲ ಬಸ್ಸನ್ನೇ ಆರಿಸಬೇಕು.

ಜಾತ್ರೆ, ಸಂತೆ, ತೇರು ನಡೆಯುವ ಊರುಗಳಿಗೆ ಇಂಥ ಬಸ್ಸಿನ ಅಗತ್ಯ ಎಷ್ಟೆಂಬುದು ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಉಳಿಯುವ ಹೆಣ್ಣುಮಕ್ಕಳಿಗೆ ಗೊತ್ತು. ಮುಂದಿನ ಜಾತ್ರೆಯ ಪೂರ್ವಭಾವಿ ಸಭೆಗೆ ಹೋಗುವವರು ಬಂದೋಬಸ್ತ್, ದೀಪಾಲಂಕಾರದ ಜೊತೆಗೆ ಇದನ್ನೂ ಪ್ರಸ್ತಾಪಿಸಿ. ಪಂಚಾಯ್ತಿಯಿಂದ ಒಂದು ಠರಾವು ಮಾಡಿಸಿ, ನಿಮ್ಮ ಸಾರಿಗೆ ವಿಭಾಗದ ನಿಯಂತ್ರಣಾಧಿಕಾರಿಗೆ ಮನವಿ ಕೊಡಿ.